ಆರನೆಯ ಗೆರೆ

"ಇದು ಶುದ್ಧ ಮೋಸ," ಎಂದ ತಪ್ಪಣ್ಣ, ಎಲ್ಲರಿಗೂ ಕೇಳಿಸುವಂತೆ.

ಅದು ಅವನ ನಿಜವಾದ ಹೆಸರಲ್ಲ. ಸಿನಿಮಾಗಳಲ್ಲಿ ತಪ್ಪು ಹುಡುಕುವುದು ಅವನ ಹುಚ್ಚು. ನಾಯಕನ ಗಡಿಯಾರ ಎಡಗೈಯಿಂದ ಬಲಗೈಗೆ ಹಾರಿದರೆ ಅವನಿಗೆ ಅಂದಿನ ಊಟ ಇನ್ನಷ್ಟು ರುಚಿಸುತ್ತಿತ್ತು. ಸ್ನೇಹಿತರು ಗೇಲಿಗೆಂದು ಇಟ್ಟ ಹೆಸರನ್ನು ಬಿರುದೆಂದೇ ತಿಳಿದಿದ್ದ ಪುಣ್ಯಾತ್ಮ. ಇವತ್ತು ತನ್ನ ಮೆಚ್ಚಿನ ದೆವ್ವದ ಚಿತ್ರ ತೆಗೆದ ಮನೆಯನ್ನೇ ನೋಡಲು ಬಂದಿದ್ದ.

ಹನ್ನೆರಡು ವರ್ಷಗಳ ಹಿಂದೆ ಚಿತ್ರತಂಡ ಯಾವುದೋ ಸಂಸಾರದ ಮನೆಯನ್ನು ಬಾಡಿಗೆಗೆ ಹಿಡಿದು, ಹದಿನೆಂಟು ದಿನಗಳಲ್ಲಿ ಕೆಲಸ ಮುಗಿಸಿತ್ತು. ಚಿತ್ರ ಓಡಿತು. ಆಮೇಲೆ ಕಂಪನಿಯೊಂದು ಮನೆಯನ್ನೇ ಕೊಂಡು ಟಿಕೆಟ್ ಇಟ್ಟಿತು.

ಗೈಡ್‌ನ ಮೇಲೆ ತಪ್ಪಣ್ಣನಿಗೆ ಮೊದಲಿಂದಲೂ ಗುಮಾನಿ. ಐವತ್ತರ ಆಸುಪಾಸಿನ ಆ ಮನುಷ್ಯ, "ನೀವು ಬೂಟು ಹಾಕ್ಕೊಂಡೇ ಬನ್ನಿ, ಪರವಾಗಿಲ್ಲ," ಎಂದು ತನ್ನ ಚಪ್ಪಲಿ ಮಾತ್ರ ಬಾಗಿಲಾಚೆ ಬಿಟ್ಟ. ಮೆಟ್ಟಿಲು ಹತ್ತುವಾಗ ನಾಲ್ಕನೆಯದನ್ನು ನೋಡದೆಯೇ ದಾಟಿದ. ಹಿಂದಿದ್ದವರು ಅದನ್ನು ತುಳಿದು, ಅದು ಕಿರ್ರೆಂದದ್ದಕ್ಕೆ ಬೆಚ್ಚಿಬಿದ್ದರು. ಕತ್ತಲೆ ಕೋಣೆಯಲ್ಲಿ ಬೀರುವಿನ ಹಿಂದಿದ್ದ ಸ್ವಿಚ್ಚನ್ನು ತಡಕಾಡದೆ ಒತ್ತಿದ. ನಾಟಕದಲ್ಲಿ ಚೆನ್ನಾಗಿ ಪಳಗಿದ್ದಾನೆ ಎಂದುಕೊಂಡ ತಪ್ಪಣ್ಣ.

ಈಗ ಆ ಕೋಣೆಯ ಬಾಗಿಲ ಚೌಕಟ್ಟಿನ ಮುಂದೆ ಎಲ್ಲರೂ ನೆರೆದಿದ್ದರು. ಮಗುವಿನ ಎತ್ತರ ಅಳೆದು ಪೆನ್ಸಿಲಿನಲ್ಲಿ ಎಳೆದ ಗೆರೆಗಳು. ಚಿತ್ರದಲ್ಲಿ ಸತ್ತ ಹುಡುಗಿಯ ದೆವ್ವ ಇಲ್ಲಿಗೇ ಬೆನ್ನು ಕೊಟ್ಟು ನಿಲ್ಲುತ್ತದೆ.

ತಪ್ಪಣ್ಣ ಆ ದೃಶ್ಯವನ್ನು ಮೊಬೈಲಿನಲ್ಲಿ ನಿಲ್ಲಿಸಿ ಎತ್ತಿ ಹಿಡಿದ. "ಎಣಿಸಿ ನೋಡಿ. ಚಿತ್ರದಲ್ಲಿ ಐದು. ಇಲ್ಲಿ ಆರು. ಏನ್ರೀ, ನಿಮ್ಮ ದೆವ್ವ ಇನ್ನೂ ಬೆಳೀತಾ ಇದೆಯಾ?"

ಜನ ಗೊಳ್ಳೆಂದು ನಕ್ಕರು. ಗೈಡ್ ನಗಲಿಲ್ಲ.

"ಮೋಸಾನಾದ್ರೂ ನೀಟಾಗಿ ಮಾಡಬಾರದಾ? ಐದು ಗೆರೆ ನೆಟ್ಟಗಿವೆ, ಇದೊಂದು ಸೊಟ್ಟ. ಐದನೇದಕ್ಕಿಂತ ಒಂದು ಬೆರಳೂ ಮೇಲಿಲ್ಲ. ವರ್ಷವಿಡೀ ಮಗು ಇಷ್ಟೇನಾ ಬೆಳೆಯೋದು?"

ಗದ್ದಲ ಕೇಳಿ ಕೆಳಗಿನಿಂದ ಮೇಲ್ವಿಚಾರಕಿ ಬಂದಳು. ಕೆಲಸಕ್ಕೆ ಸೇರಿ ಅವಳಿಗಿನ್ನೂ ತಿಂಗಳಾಗಿರಲಿಲ್ಲ. ಮೊಬೈಲ್ ನೋಡಿದಳು, ಚೌಕಟ್ಟು ನೋಡಿದಳು. ಮುಖ ಕೆಂಪಾಯಿತು.

"ಕ್ಷಮಿಸಿ ಸರ್, ಬಂದವರು ಯಾರೋ ಗೀಚಿರಬೇಕು." ಮೂಲೆಯ ಬಕೆಟ್ಟಿನಿಂದ ಒದ್ದೆ ಬಟ್ಟೆ ತೆಗೆದು ಗೈಡ್‌ನ ಕೈಗಿಟ್ಟಳು. "ಅದೊಂದನ್ನ ಈಗಲೇ ಒರೆಸಿಬಿಡಿ."

ಗೈಡ್ ಕದಲಲಿಲ್ಲ. ಬಟ್ಟೆಯ ನೀರು ಅವನ ಬರಿಗಾಲಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ಮೇಡಂ, ಬೇಕಾದ್ರೆ ಇಡೀ ಮನೆ ಒರೆಸ್ತೀನಿ. ಇದೊಂದು ಬೇಡ."

"ಅಂದ್ರೆ ನೀವೇ ಹಾಕಿದ್ದು!" ಕಳ್ಳನನ್ನು ಹಿಡಿದ ಸಂಭ್ರಮ ತಪ್ಪಣ್ಣನಿಗೆ. "ಒಪ್ಕೊಳ್ಳಿ. ಶೂಟಿಂಗ್ ಮುಗಿದ ಮೇಲೆ ತಾನೇ?"

"ಹೌದು ಸರ್. ಮುಗಿದು ಏಳು ತಿಂಗಳಿಗೆ. ಆ ಐದನ್ನೂ ನಾನೇ ಹಾಕಿದ್ದು, ಸಿನಿಮಾದವರು ಬರೋಕೆ ಮುಂಚೆ, ವರ್ಷಕ್ಕೊಂದು. ಆಮೇಲೆ ಈ ಮನೇಲಿ ಇರೋಕಾಗಲಿಲ್ಲ, ಮಾರಿಬಿಟ್ಟೆ. ಬಿಟ್ಟು ಹೋಗೋಕೂ ಆಗಲಿಲ್ಲ, ಈ ಕೆಲಸ ಕೇಳಿಕೊಂಡೆ."

ತಪ್ಪಣ್ಣನ ಮೊಬೈಲ್ ತಾನಾಗಿಯೇ ಕೆಳಗಿಳಿಯಿತು. ಗೈಡ್ ಆರನೆಯ ಗೆರೆಯ ಮೇಲೆ ಅಂಗೈ ಇಟ್ಟು ಮುಚ್ಚಿದ.

"ಆ ಹುಟ್ಟುಹಬ್ಬಕ್ಕೆ ನನ್ನ ಮಗಳಿಗೆ ನಿಲ್ಲೋ ಶಕ್ತಿ ಇರಲಿಲ್ಲ ಸರ್, ಒಂದು ಕೈಯಲ್ಲಿ ಅವಳನ್ನ ಎತ್ತಿ ಹಿಡ್ಕೊಂಡು ಇನ್ನೊಂದರಲ್ಲಿ ಎಳೆದೆ, ಅದಕ್ಕೇ ಸೊಟ್ಟ."