ಬಟ್ಟಲಿಗೆ ಚಿಪ್ಪು

ದರೋಡೆಕೋರರು ಕಾಣಿಸಿಕೊಂಡಾಗ ದ್ಯಾಮಮ್ಮ ಹೊಳೆದಂಡೆಯಲ್ಲಿ ಚಿಪ್ಪು ಆರಿಸುತ್ತಿದ್ದಳು. ಅವಳಿಗೂ ಕೋಟೆಯ ಬಾಗಿಲಿಗೂ ನಡುವೆ ದೊಡ್ಡ ಬಯಲು. ಆ ಬಯಲಿನ ಒಂದು ಮಗ್ಗುಲಿಂದ ಕೆಂಪು ಚುಕ್ಕಿಗಳು ಸಾಲುಗಟ್ಟಿ ಬರುತ್ತಿದ್ದವು. ನ್ಯಾಮತಿ ಬಸ್ ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿನ ಪರದೆ ನೋಡುತ್ತಿದ್ದ ಸಂಧ್ಯಾರಾಣಿಯ ಎದೆ ಧಸಕ್ಕೆಂದಿತು.

ಆಟದೊಳಗಿನ ದ್ಯಾಮಮ್ಮ ಸತ್ತರೆ ಯಾರ ಗಂಟು ಹೋಯಿತು ಎಂದು ನೀವು ಕೇಳಬಹುದು. ನಿಜವಾದ ದ್ಯಾಮಮ್ಮ, ಅಂದರೆ ಸಂಧ್ಯಾರಾಣಿಯ ಅಮ್ಮ, ಆ ಹೊತ್ತಿಗೆ ಶಿವಮೊಗ್ಗದ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮಲಗಿದ್ದಳು. ಗರ್ಭಕೋಶದಲ್ಲಿ ಗಡ್ಡೆ. ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದವರು ಮಧ್ಯಾಹ್ನವಾದರೂ ಹೊರಗೆ ತಂದಿರಲಿಲ್ಲ. ಜೊತೆಗೆ ಒಬ್ಬರೇ ಇರಬೇಕೆಂದು ಆಸ್ಪತ್ರೆಯವರು ಹೇಳಿದ್ದರಿಂದ ಅಣ್ಣ ಮಹಾಂತೇಶ್ ಅಲ್ಲಿದ್ದ. ಇವಳು ಅವನ ಅಂಗಡಿ ನೋಡಿಕೊಳ್ಳುತ್ತ ಇಲ್ಲಿ ಒದ್ದಾಡುತ್ತಿದ್ದಳು.

ಆಟದ ಕೋಟೆ ಅಣ್ಣನದು. ಗಿರಾಕಿಗಳಿಲ್ಲದಾಗ ಕೂತು ವರ್ಷಗಟ್ಟಲೆ ಕಟ್ಟಿದ್ದ. ಒಳಗಿನ ಗಿಡ್ಡ ಮನುಷ್ಯರಿಗೆಲ್ಲ ಮನೆಯವರ, ನೆಂಟರ ಹೆಸರು. ಬಾಗಿಲು ಕಾಯುವವನು ಮಹಾಂತೇಶ್, ಗಣಿ ಅಗೆಯುವವಳು ಸಂಧ್ಯಾರಾಣಿ. ಮಾಡಿಟ್ಟ ಸಾಮಾನಿಗೆ ಹರಳು ಕೂರಿಸಿ, ಅಂಚು ಕಟ್ಟಿ ಬೆಲೆ ಏರಿಸುವವಳಿಗೆ ಮಾತ್ರ ಅಮ್ಮನ ಹೆಸರು ಬಿಟ್ಟು ಇನ್ನೊಂದು ಒಪ್ಪುತ್ತಲೇ ಇರಲಿಲ್ಲ. ಅಮ್ಮ ಮನೆಯಲ್ಲಿ ಯಾವುದನ್ನೂ ಬೋಳಾಗಿ ಉಳಿಸಿದವಳಲ್ಲ. ಮಿಕ್ಸಿಗೆ ಲೇಸಿನ ಮುಸುಕು ಹೊಲಿದಿದ್ದಳು, ಗ್ಯಾಸ್ ಸಿಲಿಂಡರಿಗೆ ನೆರಿಗೆಯ ಲಂಗ ತೊಡಿಸಿದ್ದಳು.

ಆಡುವುದಾದರೆ ಆಡು, ಸಾಮಾನಿಗೆ ಸಿಂಗಾರ ಮಾತ್ರ ಮಾಡಿಸಬೇಡ, ಕೋಟೆಯ ಬೆಲೆ ಏರಿದಷ್ಟೂ ಕಳ್ಳರ ಕಣ್ಣು ಬೀಳುತ್ತದೆ ಎಂದು ಅಣ್ಣ ಮೊದಲೇ ಎಚ್ಚರಿಸಿದ್ದ. ಸಂಧ್ಯಾರಾಣಿ ಕೇಳಲಿಲ್ಲ. ಬೆಳಿಗ್ಗೆ ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ ದೇವರ ಮುಂದೆ ಇಟ್ಟು ಬಂದಿದ್ದಳು. ಅಷ್ಟಕ್ಕೆ ಜೀವ ನಿಲ್ಲದೆ ಇಲ್ಲಿ ಇನ್ನೊಂದು ಹರಕೆ ಹೊತ್ತಳು. ಆಟದ ದ್ಯಾಮಮ್ಮ ಒಂದು ಬಟ್ಟಲನ್ನು ಮೈತುಂಬ ಸಿಂಗರಿಸಿ ಮುಗಿಸಿದರೆ ಅಲ್ಲಿ ಅಮ್ಮ ಹುಷಾರಾಗಿ ಕಣ್ಣು ಬಿಡುತ್ತಾಳೆ. ಹೆದರಿಕೆ ಹೊಕ್ಕ ತಲೆಗೆ ಇಂಥವೇ ಹೊಳೆಯುವುದು. ಬಟ್ಟಲಿಗೆ ಹರಳು ಕೂತಿತು, ಬೆಳ್ಳಿಯ ಅಂಚು ಕೂತಿತು, ಬೆಲೆ ಏರಿತು, ಫೋನ್ ಮಾತ್ರ ಬರಲಿಲ್ಲ. ಹೊಳೆಯ ಚಿಪ್ಪೂ ಒಂದಿಷ್ಟು ಇರಲಿ ಎಂದು ಇವಳೇ ಅಮ್ಮನನ್ನು ಕೋಟೆಯಿಂದ ಹೊರಗೆ ಕಳಿಸಿದ್ದಳು.

ಆಟವನ್ನು ಅಲ್ಲಿಗೇ ತಡೆದು ನಿಲ್ಲಿಸಿದಳು. ಬಾಗಿಲು ಹಾಕಿದರೆ ಕೋಟೆ ಉಳಿಯುತ್ತದೆ, ದ್ಯಾಮಮ್ಮ ಹೊರಗೆ ಸಾಯುತ್ತಾಳೆ. ತೆರೆದಿಟ್ಟರೆ ಕಳ್ಳರು ಒಳಗೆ. ಕಂಪ್ಯೂಟರನ್ನೇ ಆರಿಸಿಬಿಡಬಹುದಿತ್ತು, ಆದರೆ ಹೊತ್ತ ಹರಕೆಯನ್ನು ನಡುವೆ ಕೈಬಿಟ್ಟರೆ ಏನಾದೀತೋ ಎಂಬ ಭಯ. ಅಷ್ಟರಲ್ಲಿ ಪಕ್ಕದ ಹಳ್ಳಿಯ ಮುದುಕ ಮೂಕಪ್ಪ ಆಧಾರ್ ಕಾರ್ಡ್ ಹಿಡಿದು ಬಂದ. ಎರಡೂ ಕಡೆ ಒಂದೇ ಹಾಳೆಯಲ್ಲಿ ಬರಬೇಕು ಎಂದ. ಪರದೆಯಿಂದ ಕಣ್ಣು ಕೀಳದೆಯೇ ಅವಳು ಹಾಳೆ ಕೊಟ್ಟಾಗ ಏನಾಯಿತೆಂದು ವಿಚಾರಿಸಿದ.

"ಕಳ್ಳರು ಬರಾಕತ್ತಾರೆ ಅಜ್ಜ. ಅಮ್ಮ ಹೊರಗೆ ಅದಾಳೆ. ಬಾಗ್ಲು ಹಾಕ್ಲೋ ಬ್ಯಾಡ್ವೋ ಗೊತ್ತಾಗ್ತಿಲ್ಲ."

ಮೂಕಪ್ಪ ಪರದೆಯತ್ತ ಬಗ್ಗಿ ನೋಡಿದ. ಆಟವೋ ದಿಟವೋ ಎಂದು ಕೇಳುವ ಗೋಜಿಗೆ ಹೋಗಲಿಲ್ಲ. "ಹೆತ್ತಾಕೆ ಹೊರಗಿದ್ರೆ ಬಾಗ್ಲು ಹಾಕಾಕೆ ಕೈ ಹೆಂಗೆ ಬರ್ತೈತವ್ವ?" ಎಂದು ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಬಸ್ಸು ಹಿಡಿಯಲು ಹೋದ.

ಸಂಧ್ಯಾರಾಣಿ ಬಾಗಿಲು ಹಾಕದೆ, ನಿಲ್ಲಿಸಿದ್ದ ಆಟವನ್ನು ಮತ್ತೆ ಮುಂದುವರಿಸಿದಳು. ದ್ಯಾಮಮ್ಮ ಚಿಪ್ಪು ಹೊತ್ತು ಓಡಿ ಬಂದು ಒಳಗೆ ಸೇರಿ, ಏನೂ ಆಗಿಲ್ಲವೆಂಬಂತೆ ಕೆಳಗಿನ ತನ್ನ ಕೋಣೆಗೆ ಇಳಿದು ಕೆಲಸಕ್ಕೆ ಕೂತಳು. ಬೆನ್ನಿಗೇ ಕಳ್ಳರು ನುಗ್ಗಿದರು. ಬಾಗಿಲು ಕಾಯುತ್ತಿದ್ದ ಮಹಾಂತೇಶ್ ಮೊದಲು ಬಿದ್ದ. ಆಮೇಲೆ ನೆಂಟರಿಷ್ಟರು ಬಿದ್ದರು, ಗಣಿಯಿಂದ ಮೇಲೆ ಬಂದ ಸಂಧ್ಯಾರಾಣಿಯೂ ಬಿದ್ದಳು. ಪರದೆಯ ಮೇಲಿನ ತನ್ನ ಸಾವಿಗೆ ಅವಳು ಕಣ್ಣು ಕೂಡ ಮಿಟುಕಿಸಲಿಲ್ಲ. ಕಳ್ಳರು ಕೈಗೆ ಸಿಕ್ಕಿದ್ದನ್ನು ಬಾಚಿಕೊಂಡು ಹೋದರು, ಕೆಳಗಿನ ಕೋಣೆ ಅವರ ಕಣ್ಣಿಗೆ ಬೀಳಲಿಲ್ಲ. ಕೋಟೆಯಲ್ಲಿ ಉಳಿದ ಒಂದೇ ಜೀವವಾದ ದ್ಯಾಮಮ್ಮ ಬಟ್ಟಲಿಗೆ ಕೊನೆಯ ಚಿಪ್ಪು ಕೂರಿಸಿ ಕೆಳಗಿಟ್ಟಳು.

ಫೋನ್ ಬಂತು. ಆಪರೇಷನ್ ಮುಗಿಯಿತು, ಅಮ್ಮ ಕಣ್ಣು ಬಿಟ್ಟಳು, ನಿನ್ನನ್ನೇ ಕೇಳುತ್ತಿದ್ದಾಳೆ, ಇನ್ನು ಹೆದರಬೇಕಾದ್ದಿಲ್ಲ ಅಂತ ಡಾಕ್ಟರು ಹೇಳಿದರು ಎಂದು ಅಣ್ಣ ಒಂದೇ ಉಸಿರಿಗೆ ಹೇಳಿದ. ಸಂಧ್ಯಾರಾಣಿ ಗಳಗಳನೆ ಅತ್ತುಬಿಟ್ಟಳು. ಅಷ್ಟು ಸಂತೋಷ ಅವಳಿಗೆ ಜನ್ಮದಲ್ಲಿ ಆಗಿರಲಿಲ್ಲ. ಅಮ್ಮನ ಹತ್ತಿರ ಈಗ ಚಿಕ್ಕಮ್ಮ ನಿರ್ಮಲಮ್ಮ ಬಂದು ಕೂತಿದ್ದಾಳೆ, ಅಂಗಡಿ ಮುಚ್ಚಿ ತಯಾರಾಗಿರು, ನಿನ್ನನ್ನು ಕರೆದುಕೊಂಡು ಹೋಗಲು ಬೈಕಿನಲ್ಲಿ ಈಗಲೇ ಹೊರಟೆ ಎಂದ.

ಕಣ್ಣೊರೆಸಿಕೊಳ್ಳುತ್ತ ಅವಳು ಪರದೆ ನೋಡಿದಳು. ತೆರೆದ ಬಾಗಿಲಿಗೆ ಅಡ್ಡಲಾಗಿ ಮಹಾಂತೇಶ್ ಬಿದ್ದಿದ್ದ. ಹರಕೆಯಲ್ಲಿ ತಾನು ಅಮ್ಮನೊಬ್ಬಳನ್ನೇ ಕೇಳಿಕೊಂಡದ್ದು ಆಗ ಹೊಳೆಯಿತು.

"ಅಣ್ಣಾ, ಬೈಕು ಅಲ್ಲೇ ಇರ್ಲಿ. ಬಸ್ಸಿಗೆ ಬಾ."

"ಯಾಕೆ? ಬಸ್ಸಿಗೆ ಕಾಯೋದ್ರಾಗೆ ನಾನು ಊರು ಮುಟ್ಟಿರ್ತೀನಿ."

ಯಾಕೆಂದು ಹೇಳುವುದು? ಅವಳು ಬಾಯಿ ತೆರೆಯುವ ಮೊದಲೇ ಆ ಕಡೆ ಬೈಕು ಸ್ಟಾರ್ಟ್ ಆದ ಸದ್ದು ಕೇಳಿತು.