ಬ್ಲಾಗಿಗೆ ಬಂದ ಮೊದಲ ಕರೆ

ಚಳ್ಳಕೆರೆಯ ಸೈಬರ್ ಸೆಂಟರಿನಲ್ಲಿ ಹತ್ತನೇ ಸಲ ರಿಫ್ರೆಶ್ ಒತ್ತುವಾಗ ತಿಪ್ಪೇರುದ್ರನ ಮೊಬೈಲು ಬಡಿದುಕೊಂಡಿತು. ನೆಟ್‌ವರ್ಕ್ ಮಾರ್ಕೆಟಿಂಗಿಗೆ ಜನ ಸೇರಿಸಲು ‘ರವಿಕಿರಣ್’ ಎಂಬ ಹೆಸರಿನಲ್ಲಿ ಬ್ಲಾಗ್ ಬರೆಯತೊಡಗಿ ಮೂರು ತಿಂಗಳು. ಅದರಲ್ಲಿ ಕೊಟ್ಟಿದ್ದ ಹೊಸ ನಂಬರಿಗೆ ಬಂದ ಮೊದಲ ಕರೆ ಇದು.

“ರವಿಕಿರಣ್ ಸಾರ್ ಏನ್ರಿ? ಮೊಳಕಾಲ್ಮೂರಿಂದ ಮಾತಾಡ್ತಿದೀನಿ. ನೀವು ಬರೆದಿದ್ದನ್ನ ನಮ್ಮ ಹುಡುಗಿ ಓದಿ ಹೇಳಿದ್ಲು. ನಾನೂ ಸೇರ್ತೀನಿ.”

ದನಿ ಸೋದರಮಾವ ದೊಡ್ಡಪಾಲಯ್ಯನದು. ಕಂಪನಿಯ ಮಾತೆತ್ತಿದ ದಿನದಿಂದ, ಇವನನ್ನು ಕಂಡರೆ ಬಸ್ ಸ್ಟ್ಯಾಂಡಿನ ಕಂಬದ ಮರೆಗೆ ಸರಿಯುವ ಮಾವ. ರುದ್ರ ತಟ್ಟನೆ ಕರ್ಚೀಫನ್ನು ಮೊಬೈಲಿಗೆ ಒತ್ತಿ, ದನಿ ಬದಲಿಸಿ, “ಬಹಳ ಸಂತೋಷ ಸಾರ್,” ಎಂದ.

“ಒಂದೇ ಮಾತು ಸಾರ್. ನಮ್ಮಕ್ಕನ ಮಗ ಒಬ್ಬ ಇದೇ ಕೆಲಸ ಮಾಡ್ತಾನೆ. ಜಿಗಣೆ ಇದ್ದಂಗೆ. ಅವನ ಕೆಳಗೆ ಮಾತ್ರ ನನ್ನ ಹಾಕಬ್ಯಾಡ್ರಿ.”

ಕರ್ಚೀಫು ತಾನಾಗಿಯೇ ಕೆಳಗಿಳಿಯಿತು.

“ಹಾಕಲ್ಲ, ಮಾವ.”