ದಾಯಾದಿಯ ಹೊಂಡ

ಕೌರೆಯ ಹೊಂಡದೊಳಗೆ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಉರಿಯಾಮ್ ಒಂದು ಬಬಾಯ್ ಕೆಸುವಿನ ಬುಡಕ್ಕೆ ಕೈಹಾಕಿದ್ದ. ಬದುವಿನ ಮೇಲೆ ಬಂದು ನಿಂತ ಕೌರೆಗೆ ಬೆಳಬೆಳಗ್ಗೆಯೇ ಹಬ್ಬ ಬಂದಂತಾಯಿತು.

"ಕೊನೆಗೂ ಕೈಗೆ ಸಿಕ್ಕಿದೆಯಲ್ಲೋ ಕಳ್ಳ. ನಿಮ್ಮಪ್ಪ ಜಾಗ ಕದ್ದ, ನೀನು ಗೆಡ್ಡೆ ಕದಿಯೋಕೆ ಬಂದಿದ್ದೀಯ."

ಇಬ್ಬರೂ ಅಣ್ಣತಮ್ಮಂದಿರ ಮಕ್ಕಳು. ಮರಳಿನಡಿಯ ಸಿಹಿನೀರು ಸಿಗುವವರೆಗೆ ಅಜ್ಜ ಅಗೆದಿದ್ದ ಹೊಂಡವನ್ನು ಅಪ್ಪಂದಿರು ನಡುವೆ ಹವಳಗಲ್ಲಿನ ಬದು ಹಾಕಿ ಎರಡು ಮಾಡಿಕೊಂಡಿದ್ದರು. ಬದು ತನ್ನ ಕಡೆಗೆ ಎರಡು ಮೊಳ ಸರಿದಿದೆ ಎಂಬುದು ಕೌರೆಯ ತಕರಾರು. ಹೆಂಡತಿ ತೀರಿಹೋದ ಮೇಲೆ ಅವನು ದಿನಕ್ಕೆ ಆಡುತ್ತಿದ್ದ ಮಾತೆಲ್ಲ ಅಲ್ಲಿಯೇ. ಕೆಸುವಿನ ಬುಡಕ್ಕೆ ಸೊಪ್ಪು ಹಾಕಲು ಬರುವುದು, ಉರಿಯಾಮನ ವಂಶವನ್ನೆಲ್ಲ ಬೈಯುವುದು, ಅವನಿಂದ ಅಷ್ಟೇ ಬೈಸಿಕೊಳ್ಳುವುದು, ಮನೆಗೆ ಹೋಗಿ ಒಬ್ಬನೇ ಮೀನು ಸುಟ್ಟುಕೊಂಡು ತಿನ್ನುವುದು.

ಉರಿಯಾಮ್ ತಿರುಗಿ ಬೈಯಲಿಲ್ಲ. ಗೆಡ್ಡೆಯನ್ನು ಕಿತ್ತು ಬದುವಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದ. ಬೆರಳು ಒಳಗೆ ಹೋಯಿತು. ಕೊಳೆತ ವಾಸನೆ ಬಂತು.

"ಹುಣ್ಣಿಮೆ ಉಬ್ಬರದಲ್ಲಿ ಸಮುದ್ರ ದಂಡೆ ದಾಟಿ ಬಂತಲ್ಲ, ಅವತ್ತಿಂದ ನನ್ನವು ಎಲ್ಲಾ ಹೋದ್ವು ಅಣ್ಣ. ನಿನ್ನದ್ರಲ್ಲಿ ಒಂದಾದ್ರೂ ಚೆನ್ನಾಗಿದ್ರೆ ನೆಡೋಕೆ ಒಂದು ಮರಿ ಕೇಳೋಣ ಅಂತ ನೋಡ್ದೆ. ನಿನ್ನ ನೀರೂ ಉಪ್ಪಾಗಿದೆ."

"ಉಪ್ಪು ನಿನ್ನ ಕಡೆ. ನನ್ನ ಕಡೆ ಸಿಹಿ." ಕೌರೆ ಕೆಳಗಿಳಿದು ಒಂದು ಬೊಗಸೆ ಮೊಗೆದು ಕುಡಿದ. ಮುಖ ಕಿವುಚದೆ ನುಂಗಿದ. "ಎಳನೀರಿದ್ದ ಹಾಗಿದೆ."

"ಹಾಗಾದ್ರೆ ಇನ್ನೊಂದು ಬೊಗಸೆ ಕುಡಿ, ನೋಡೋಣ."

ಕೌರೆ ಕೈಯನ್ನು ಬಟ್ಟೆಗೆ ಒರೆಸಿಕೊಂಡ.

"ಗುರುವಾರದ ಹಡಗಿಗೆ ಹೊರಡ್ತಿದ್ದೀವಿ," ಎಂದ ಉರಿಯಾಮ್. "ಬುತಾರಿತಾರಿ ದ್ವೀಪಕ್ಕೆ, ನನ್ನ ಹೆಂಡತಿ ಕಡೆಯವರ ಹತ್ರ. ಅಲ್ಲಿ ಮಳೆ ಚೆನ್ನಾಗಿ ಬೀಳುತ್ತೆ. ಇಲ್ಲಿ ಬಾವಿ ನೀರು ಕುಡಿದು ಮೊಮ್ಮಗಳಿಗೆ ಭೇದಿ ನಿಲ್ತಾನೇ ಇಲ್ಲ. ಇಗರ್ಜಿ ತೊಟ್ಟಿಯ ಮಳೆನೀರು ಎಷ್ಟು ಮನೆಗೆ ಸಾಲುತ್ತೆ ಹೇಳು."

"ಹೊಂಡ?"

"ನೀನೇ ಇಟ್ಕೋ. ಬದು ಕಿತ್ತು ಹಾಕು."

ಕೌರೆ ಅವನನ್ನೇ ನೋಡಿದ. "ಪುಕ್ಕಟೆ ಕೊಟ್ರೆ ಯಾರಿಗೆ ಬೇಕು. ನಿಮ್ಮಪ್ಪ ಕದ್ದ ಅಂತ ಒಪ್ಕೋ ಮೊದಲು."

"ಕದ್ದ, ಅಣ್ಣ. ಆಯ್ತಾ?"

ಇಷ್ಟು ವರ್ಷ ಕೇಳಬೇಕೆಂದಿದ್ದ ಮಾತು ಅದು. ಕೌರೆ ಬದು ಹತ್ತಿ, ಕೊಳೆತ ಗೆಡ್ಡೆಯನ್ನು ಕಾಲಿನಿಂದ ಅತ್ತ ತಳ್ಳಿದ.

"ಕದೀಲಿಲ್ಲ," ಎಂದ. "ನಿಮ್ಮಪ್ಪ ಅಂಥೋನಲ್ಲ. ನಾನು ಚಿಕ್ಕೋನಿದ್ದಾಗ ನನ್ನನ್ನ ಹೆಗಲ ಮೇಲೆ ಹೊತ್ಕೊಂಡು ಓಡಾಡ್ತಿದ್ದ."

ಉರಿಯಾಮನೂ ಬದು ಹತ್ತಿ ಕೂತು ಕಾಲಿನ ಕೆಸರು ಕೆರೆದುಕೊಂಡ. ಆಮೇಲೆ ಹೇಳಿದ, "ನೀನೂ ಬಾ ಅಣ್ಣ. ಅಲ್ಲೂ ಮನೆ ಇದೆ, ಹೊಂಡ ಇದೆ."

"ನಿನ್ನ ಹೆಂಡತಿ ಊರಲ್ಲಿ ನಿನ್ನ ಬೈಯೋಕೆ ನಂಗೇನು ಹಕ್ಕಿದೆ? ಅವಳ ಅಣ್ಣಂದಿರು ಸುಮ್ನಿರ್ತಾರಾ?"

ಉರಿಯಾಮ್ ನಕ್ಕ. ಕೌರೆ ನಗಲಿಲ್ಲ.

ಗುರುವಾರ ಊರಿನವರೆಲ್ಲ ದಡಕ್ಕೆ ಬಂದಿದ್ದರು. ಚಾಪೆ, ಪಾತ್ರೆ, ಬುಟ್ಟಿಯೊಳಗಿನ ಕೋಳಿ ಎಲ್ಲವನ್ನೂ ದೋಣಿಗೆ ಏರಿಸಿದರು. ಕೌರೆ ಹತ್ತಿರ ಬರದೆ ಕೇದಗೆ ಪೊದೆಯ ಪಕ್ಕ ನಿಂತಿದ್ದ. ಹಡಗಿನತ್ತ ಹೊರಟ ದೋಣಿಯಿಂದ ಉರಿಯಾಮ್ ಕೈ ಎತ್ತಿದಾಗ, ಬೇರೆಲ್ಲೋ ನೋಡುತ್ತಿದ್ದವನಂತೆ ಮುಖ ತಿರುಗಿಸಿಕೊಂಡ.

ಮರುದಿನ ಬೆಳಗ್ಗೆ ತೆಂಗಿನ ಮರದ ಮೇಲೆ ಕಳ್ಳು ಇಳಿಸುತ್ತಿದ್ದವರಿಗೆ ಕೌರೆಯ ದನಿ ಕೇಳಿಸಿತು. ಕೆಳಗೆ ನೋಡಿದರು. ಬದುವಿನ ಮೇಲೆ ನಿಂತು, ಹಳದಿಗಟ್ಟಿ ಮಲಗಿದ್ದ ಆಚೆ ಹೊಂಡದ ಎಲೆಗಳ ಕಡೆ ಮುಖ ಮಾಡಿ ಅವನು ಬೈಯುತ್ತಿದ್ದ. ಒಂದು ಮಾತು ಬೈಯುವುದು, ಎದುರಿನವನು ತಿರುಗಿ ಬೈಯಲು ಬೇಕಾಗುವಷ್ಟು ಹೊತ್ತು ಸುಮ್ಮನಿರುವುದು, ಆಮೇಲೆ ಮುಂದಿನ ಮಾತು.